ಹೊಡೆದಾಟದ ಇಂಗ್ಲಿಷು ಮತ್ತು ಕೊನೆಗೂ ಕೆಲಸಕ್ಕೆ ಬಂದ ಞ

ಬ್ಲಾಗಿನ ಕಡೆ ತಲೆ ಹಾಕದೆ ಎರಡು ತಿಂಗಳಾಯ್ತು. ರಿಲೀಸು, ಅದರ ಮೇಲೊಂದು ರಿಲೀಸು ಅಂತ ನೆಪ ಹೇಳಬಹುದು. ನಿಜ ಹೇಳ್ಬೇಕಂದ್ರೆ ಒಂದು ವಿಷಯ ಬರೆಯಬೇಕಿತ್ತು, ಬರೆದರೆ ಹೋಗೋದು ನನ್ನದೇ ಮಾನ ಅಂತ ಮುಂದೂಡುತ್ತಾ ಬಂದೆ.

ನಮ್ಮ ಪ್ರಾಜೆಕ್ಟಿನ ಟೆಸ್ಟಿಂಗ್ ಟೀಮು ಇರೋದು ವಿಯೆಟ್ನಾಮಿನ ಹನೋಯಿಯಲ್ಲಿ. ಅಲ್ಲಿನ ಒಬ್ಬ ಹುಡುಗಿಯೂ ನಾನೂ ಎರಡು ರಾತ್ರಿ ಕೂತು ಒಂದು ಬಗ್ ಹಿಡಿದೆವು. ಅವರ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದೆ. ನನಗೆ ಹನ್ನೆರಡಾದಾಗ ಆಕೆಗೆ ಒಂದೂವರೆ. ಬಗ್ ಯಾರದ್ದು ಅಂತ ಕೇಳ್ಬೇಡಿ, ನನ್ನದೇ. ಮರುದಿನ ಆಕೆ ಸ್ಟೇಟಸ್ ಮೇಲಿನಲ್ಲಿ ಬರೆದಳು: "ಐ ಫಾಟ್ ವಿತ್ ಬೆಂಗಳೂರು ಟೀಮ್ ಫಾರ್ ಟೂ ನೈಟ್ಸ್."

ವಿಯೆಟ್ನಾಮೀಸಿನಲ್ಲಿ ಕಾಲಕ್ಕೆ ತಕ್ಕಂತೆ ಕ್ರಿಯಾಪದದ ರೂಪ ಬದಲಾಗುವುದಿಲ್ಲ. ಆದರೂ ಪಾಪ, 'ಫೈಟ್' ಅನ್ನೋದನ್ನ ಸರಿಯಾಗಿ 'ಫಾಟ್' ಮಾಡಿದ್ದಳು. ಎಡವಿದ್ದು 'ವಿತ್' ಎಂಬ ಪುಟ್ಟ ಪದದಲ್ಲಿ. ಅವರ ಭಾಷೆಯಲ್ಲಿ ಹೋರಾಟದ ಮಾತು ಬಂದಾಗ, ಎದುರಾಳಿಯಾದರೆ ಸಾಮಾನ್ಯವಾಗಿ 'ವೊಯ್', ಹೆಗಲಿಗೆ ಹೆಗಲು ಕೊಟ್ಟವರಾದರೆ 'ಕುಂಗ್'. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ವಿತ್. ಅಮೆರಿಕನ್ನರು ಬ್ರಿಟಿಷರ 'ವಿತ್' ಫೈಟ್ ಮಾಡಿದರು ಅಂದರೆ 1776ರಲ್ಲಿ ಒಂದು ಅರ್ಥ, 1944ರಲ್ಲಿ ಪೂರ್ತಿ ಉಲ್ಟಾ. ಆಕೆ ಹೇಳಿದ್ದು ಕುಂಗ್. ನಮ್ಮ ಮ್ಯಾನೇಜರ್ ಓದಿದ್ದು ಜಗಳ.

ಕಾಲ್ ಕರೆದರು. "ಬೆಂಗಳೂರು ಟೀಮಿನ ಮೇಲೆ ಇಂಥ ಭಾಷೆ ಸರಿಯಲ್ಲ" ಅಂದರು. ಯಾಕೆ ಅಂತ ಗೊತ್ತಾಗದೆಯೇ ಆಕೆ ಎರಡು ಸಲ ಸಾರಿ ಕೇಳಿದಳು. ನಾನೂ ಆ ಕಾಲಿನಲ್ಲಿದ್ದೆ. ನಡೆದದ್ದು ಗೊತ್ತಿದ್ದವನು ನಾನೊಬ್ಬನೇ. ಬಾಯಿ ಬಿಟ್ಟರೆ "ಎರಡು ರಾತ್ರಿ ಯಾಕೆ ಬೇಕಾಯ್ತು?" ಅನ್ನೋ ಪ್ರಶ್ನೆ ಬರುತ್ತಿತ್ತು. ಮ್ಯೂಟ್ ತೆಗೆಯಲಿಲ್ಲ.

ಮೂರು ದಿನ ಊಟ ರುಚಿಸಲಿಲ್ಲ. ಆಮೇಲೆ ಎಲ್ಲರಿಗೂ ಮೇಲ್ ಹಾಕಿದೆ: ಬಗ್ ನನ್ನದು, ಆಕೆ ನನ್ನ ಪಕ್ಕದಲ್ಲಿ ನಿಂತು ಹೋರಾಡಿದ್ದು, ನನ್ನ ಮೇಲಲ್ಲ. ಆಕೆಯಿಂದ ಬಂದ ಉತ್ತರದಲ್ಲಿ ಕೋಪ ಇರಲಿಲ್ಲ. "ಇಂಥ ಪದಗಳನ್ನೆಲ್ಲ ನನಗೆ ಹೇಳಿಕೊಡ್ತೀಯಾ?" ಅಂತ ಕೇಳಿದ್ದಳು. ಅದೇ ಜಾಸ್ತಿ ಚುಚ್ಚಿತು.

ಹಾಗೆ ಶುರುವಾಯ್ತು ವಾರಕ್ಕೆ ಅರ್ಧ ಗಂಟೆಯ ಪಾಠ. ನಾನೊಂದು ಎಕ್ಸೆಲ್ ಶೀಟ್ ಮಾಡಿದೆ: ಕ್ವಾರೆಲ್, ಆರ್ಗ್ಯುಮೆಂಟ್, ಫೈಟ್, ಬ್ಯಾಟಲ್, ವಾರ್. ಎರಡನೇ ವಾರಕ್ಕೇ ಮೇಷ್ಟ್ರು ಯಾರು ಅನ್ನೋ ಅನುಮಾನ ಬಂತು :-)

ಅವರಲ್ಲಿ 'ಡಾಞ್' ಅಂತ ಒಂದು ಪದ ಇದೆ. (ನೋಡಿ, ವರ್ಣಮಾಲೆಯಲ್ಲಿ ಸುಮ್ಮನೆ ಕೂತಿದ್ದ ಞ ಕೊನೆಗೂ ಕೆಲಸಕ್ಕೆ ಬಂತು!) ಅಂದರೆ ಹೊಡೆ. ಆದರೆ ಹಲ್ಲುಜ್ಜೋದೂ ಡಾಞ್, ಮೀನು ಹಿಡಿಯೋದೂ ಡಾಞ್, ಟೈಪ್ ಮಾಡೋದೂ ಡಾಞ್, ವಾದ್ಯ ನುಡಿಸೋದೂ ಡಾಞ್. ನನಗೇನೂ ಆಶ್ಚರ್ಯ ಆಗಲಿಲ್ಲ. ನಾವು ಬಣ್ಣ ಹೊಡೀತೀವಿ, ಗೊರಕೆ ಹೊಡೀತೀವಿ, ಕಣ್ಣು ಹೊಡೀತೀವಿ, ಕೊನೆಗೆ ಬೋರೂ ಹೊಡೆಯುತ್ತೆ. ಡಾಞ್ ಪಕ್ಕ 'ಞವ್', ಅಂದರೆ 'ಒಬ್ಬರಿಗೊಬ್ಬರು', ಸೇರಿಸಿದರೆ ಇಬ್ಬರೂ ಹೊಡೆದರು ಅಂತ. ನಮ್ಮ 'ಹೊಡೆ'ಗೆ 'ಆಡು' ಸೇರಿ 'ಹೊಡೆದಾಡು' ಆದ ಹಾಗೆ. ಇನ್ನು ದೊಡ್ಡ ಯುದ್ಧಕ್ಕೆ ಮಾತ್ರ ಚೀನೀ ಮೂಲದ 'ಚಿಯೆನ್ ಚಾಞ್', ನಾವು ಸಂಸ್ಕೃತದಿಂದ 'ಯುದ್ಧ' ತಂದುಕೊಂಡ ಹಾಗೆಯೇ.

ಇನ್ನೊಂದು ಮಜಾ. ಅವರು ಎದುರಿನವರನ್ನು ಅಣ್ಣ, ಅಕ್ಕ, ತಮ್ಮ ಅಂತ ಸಂಬಂಧದ ಪದಗಳಲ್ಲೇ ಕರೆಯುತ್ತಾರೆ. ಜಗಳ ಹತ್ತಿದರೆ ಅವೆಲ್ಲ ಬಿದ್ದುಹೋಗಿ 'ನೀನು'ಗೆ 'ಮೈ', 'ನಾನು'ಗೆ 'ತಾವ್' ಬರುತ್ತೆ. ತೀರಾ ಆಪ್ತ ಗೆಳೆಯರ ಮಧ್ಯೆ ಬಿಟ್ಟರೆ ಇದು ಮುಖಕ್ಕೆ ಹೊಡೆದಂತೆ. ನಮ್ಮಲ್ಲಿ 'ತಾವು' ಅಂದರೆ ಕುರ್ಚಿ ಹಾಕಿದ ಹಾಗೆ, ಅಲ್ಲಿ 'ತಾವ್' ಅಂದರೆ ತೋಳು ಮಡಚಿದ ಹಾಗೆ! "ಇಂಗ್ಲಿಷಿನಲ್ಲಿ ಜಗಳ ಶುರುವಾಗಿದ್ದು ಗೊತ್ತಾಗೋದು ಹೇಗೆ? ಮೊದಲೂ ಯೂ, ಆಮೇಲೂ ಯೂ" ಅಂತ ಕೇಳಿದಳು. ಏಕವಚನಕ್ಕಿಳಿದರು ಅಂತ ಹೊಡೆದಾಟ ಆಗೋ ಊರಿನವನು ನಾನು, ಏನು ಹೇಳಲಿ?

ಒಂದು ದಿನ ಶೀಟಿನಲ್ಲಿ 'ವಾರ್ ರೂಮ್' ಬಂತು. ಸರ್ವರ್ ಬಿದ್ದಾಗ ಎಲ್ಲರೂ ಸೇರೋ ಮೀಟಿಂಗು ಅಂತ ವಿವರಿಸಿದೆ. ಆಕೆ ಸ್ವಲ್ಪ ಹೊತ್ತು ಏನೂ ಟೈಪ್ ಮಾಡಲಿಲ್ಲ. 1972ರ ಡಿಸೆಂಬರಿನಲ್ಲಿ ಹನೋಯಿ ಮೇಲೆ ಅಮೆರಿಕದ ಬಿ-52 ವಿಮಾನಗಳು ಬಾಂಬು ಸುರಿದಾಗ ಆಕೆಯ ಅಜ್ಜಿ ಮಕ್ಕಳನ್ನು ಕಟ್ಟಿಕೊಂಡು ಹಳ್ಳಿಗೆ ಹೋಗಿದ್ದರಂತೆ. ಆಮೇಲೆ ಕೇಳಿದಳು, "ನೀವೆಲ್ಲ ಅದನ್ನ 'ವಿಯೆಟ್ನಾಂ ವಾರ್' ಅಂತೀರಲ್ಲ, ಯಾಕೆ? ನಮ್ಮ ಪುಸ್ತಕದಲ್ಲಿ ಅದು ಅಮೆರಿಕದ ವಿರುದ್ಧದ ಪ್ರತಿರೋಧ."

ನನ್ನ ಹತ್ತಿರ ಉತ್ತರ ಇರಲಿಲ್ಲ. 1857 ನಮಗೆ ಸ್ವಾತಂತ್ರ್ಯ ಸಂಗ್ರಾಮ, ಬ್ರಿಟಿಷರಿಗೆ ಸಿಪಾಯಿ ದಂಗೆ ಅಂತ ಶಾಲೆಯಲ್ಲೇ ಓದಿದ್ದೆ. ಆದರೂ 'ವಿಯೆಟ್ನಾಂ ಯುದ್ಧ' ಅಂತ ಎಷ್ಟು ಸಲೀಸಾಗಿ ಬರೆದುಬಿಡ್ತೀವಿ! ಪದದ ಅರ್ಥ ಡಿಕ್ಷನರಿಯಲ್ಲಿ ಸಿಗುತ್ತೆ. ಹೇಳಿದವರು ಯಾವ ಕಡೆ ನಿಂತಿದ್ದಾರೆ ಅನ್ನೋದನ್ನ ಕೇಳಿಯೇ ತಿಳಿಯಬೇಕು. ನಾನು ಆವತ್ತು ಕಾಲಿನಲ್ಲಿ ಹೇಳಬೇಕಿದ್ದುದೂ ಅಷ್ಟೇ.

ಶೀಟಿನ ಕೊನೆಯ ಸಾಲು ಆಕೆಯೇ ಸೇರಿಸಿದ್ದು: 'ಫೈಟ್ ಅಲಾಂಗ್‌ಸೈಡ್'. ಉದಾಹರಣೆ ವಾಕ್ಯದ ಜಾಗ ಖಾಲಿ ಇತ್ತು. ನಾನಿನ್ನೂ ತುಂಬಿಸಿಲ್ಲ.

ಇರ್ಲಿ ಬಿಡಿ. ನೀವು ಯಾವತ್ತಾದರೂ ಹೀಗೆ ಮ್ಯೂಟ್ ಒತ್ತಿ ಕೂತಿದ್ದೀರಾ? ಅದನ್ನ ಹೇಳೋಕೆ ಮುಜುಗರ ಆದರೆ 'ಹೊಡೆ'ಗೆ ಇನ್ನೆಷ್ಟು ಅರ್ಥ ಇವೆ ಅಂತಾದರೂ ಕಾಮೆಂಟಿನಲ್ಲಿ ಹಾಕಿ. ಮುಂದಿನ ಗುರುವಾರದ ಪಾಠಕ್ಕೆ ಬೇಕು :-)