ತಂಗಿಯ ಕೋಣೆಯಲ್ಲಿ ಹಳೇ ಹಿಟ್ನಾಳ ಸ್ಟೇಷನ್

ಹೊಸಪೇಟೆ ಕಡೆಯಿಂದ ಕೊಪ್ಪಳಕ್ಕೆ ಹೊರಟವರಿಗೆ ನಮ್ಮ ಹಿಟ್ನಾಳ ಗೊತ್ತಿರೋದು ಎರಡೇ ಕಾರಣಕ್ಕೆ. ಒಂದು ಟೋಲ್‌ಗೇಟು. ಇನ್ನೊಂದು, ಊರ ಹೆಸರನ್ನೇ ಅಡ್ಡಹೆಸರು ಮಾಡಿಕೊಂಡ ರಾಜಕಾರಣಿಗಳು. ಫಾಸ್ಟ್ಯಾಗ್ ಬಂದಮೇಲಂತೂ ಕಾರಿನವರು ಊರಿನ ಕಡೆ ತಿರುಗಿ ನೋಡೋದೂ ಕಡಿಮೆಯಾಗಿದೆ. ಆದರೆ ನಮ್ಮ ಮನೆಯವರಿಗೆ ಹಿಟ್ನಾಳ ಅಂದರೆ ಮೂರನೇ ಒಂದು ಜಾಗ. ಮುನಿರಾಬಾದಿಗೂ ಗಿಣಿಗೇರಾಕ್ಕೂ ನಡುವೆ ಇರುವ ರೈಲ್ವೆ ಸ್ಟೇಷನ್ನು. ಅಪ್ಪ ಆ ಹಳಿಗಳ ಮೇಲೆ ಮೂವತ್ತು ವರ್ಷಕ್ಕೂ ಹೆಚ್ಚು ನಡೆದವನು. ಮೊದಲು ಗ್ಯಾಂಗ್‌ಮನ್, ಆಮೇಲೆ ಕೀಮ್ಯಾನ್.

ಕೀಮ್ಯಾನ್ ಅಂದರೆ ಏನು ಅಂತ ಬೆಂಗಳೂರಿನ ಆಫೀಸಿನಲ್ಲಿ ಕೇಳುತ್ತಾರೆ. ಹೆಗಲಿಗೆ ಸುತ್ತಿಗೆ, ಸ್ಪ್ಯಾನರು, ಕೆಂಪು–ಹಸಿರು ಬಾವುಟ ಹಾಕಿಕೊಂಡು ದಿನಾ ತನ್ನ ಪಾಲಿನ ಹಳಿಯುದ್ದಕ್ಕೂ ನಡೆದು, ಸಡಿಲಾದ ಕೀಲಿಗಳನ್ನು ಬಿಗಿ ಮಾಡುವವನು. ನೀವು ರೈಲಿನಲ್ಲಿ ನಿದ್ದೆ ಮಾಡಿ ಬೆಳಿಗ್ಗೆ ಇಳಿಯುವುದರ ಹಿಂದೆ ಹೀಗೆ ನಡೆದ ಎಷ್ಟೋ ಕಾಲುಗಳಿವೆ.

ಒಂದೇ ಹಾದಿ, ಎಷ್ಟೊಂದು ಹೆಸರು

ಈ ಹಾದಿಗೆ ನೂರನಲವತ್ತು ವರ್ಷದ ಹತ್ತಿರ ಹತ್ತಿರ ವಯಸ್ಸು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹಾಕಿದ ಮೀಟರ್ ಗೇಜ್ ಹಳಿ ಇದು. ಆಗ ಕೊಪ್ಪಳ ನಿಜಾಮರ ಸೀಮೆ, ಹೊಳೆಯಾಚೆ ಹೊಸಪೇಟೆ ಮದ್ರಾಸಿನ ಸೀಮೆ. ರೈಲು ಒಂದು ಸರ್ಕಾರದಿಂದ ಇನ್ನೊಂದು ಸರ್ಕಾರಕ್ಕೆ ದಾಟುತ್ತಿತ್ತು. 1908ರಲ್ಲಿ ಕಂಪನಿ ಹೆಸರು ಮದ್ರಾಸ್ ಅಂಡ್ ಸದರ್ನ್ ಮರಾಠಾ ಆಯಿತು, 1951ರಲ್ಲಿ ದಕ್ಷಿಣ ರೈಲ್ವೆ ಹುಟ್ಟಿತು, ಮುಂದೆ ದಕ್ಷಿಣ ಮಧ್ಯ ರೈಲ್ವೆ, 2003ರಿಂದ ಹುಬ್ಬಳ್ಳಿಯ ನೈಋತ್ಯ ರೈಲ್ವೆ. ನಡುವೆ ರಾಯಚೂರು ಜಿಲ್ಲೆಯಿಂದ ಒಡೆದು 1997ರಲ್ಲಿ ಕೊಪ್ಪಳವೇ ಜಿಲ್ಲೆಯಾಯಿತು.

1990ರ ದಶಕದಲ್ಲಿ ಮೀಟರ್ ಗೇಜ್ ಕಿತ್ತು ಬ್ರಾಡ್ ಗೇಜ್ ಹಾಕಿದರು. ಈಗ ನೋಡಿದರೆ ಜೋಡಿ ಹಳಿ, ತಲೆ ಮೇಲೆ ಕರೆಂಟಿನ ತಂತಿ, ಕಲ್ಲಿದ್ದಲು ಮತ್ತು ಅದಿರು ಹೊತ್ತ ಮುಗಿಯದಷ್ಟು ಉದ್ದದ ಗೂಡ್ಸುಗಳು. ಪಕ್ಕದ ಗಿಣಿಗೇರಾದಿಂದ ಗಂಗಾವತಿ, ಕಾರಟಗಿ ದಾಟಿ ಸಿಂಧನೂರಿನವರೆಗೆ ಹೊಸ ಹಳಿ ಹೋಗಿದೆ. ಆ ಕಡೆ ತಳಕಲ್‌ನಿಂದ ಕುಕನೂರು, ಯಲಬುರ್ಗಾ ಮೇಲೆ ಕುಷ್ಟಗಿಗೆ 2025ರಲ್ಲಿ ರೈಲು ಬಂತು. ಅಂದರೆ ನಮ್ಮ ಜಿಲ್ಲೆಯಲ್ಲಿ ರೈಲು ಹೆಚ್ಚುತ್ತಿದೆ. ಹಳೇ ಮೀಟರ್ ಗೇಜ್ ಸ್ಟೇಷನ್ ಹೇಗಿತ್ತು ಅನ್ನೋದು ಮಾತ್ರ ಅಪ್ಪನಂಥ ಕೆಲವರ ತಲೆಯಲ್ಲಷ್ಟೇ ಉಳಿದಿದೆ. ನಮ್ಮ ಮನೆಯಲ್ಲಿ ಅದರ ಒಂದು ಫೋಟೋ ಕೂಡ ಇಲ್ಲ.

ಒಂದು ಕೋಣೆ, ಮೂರು ಹಕ್ಕು

ತಂಗಿಯ ಮದುವೆ ಆದಮೇಲೆ ಮನೆಯಲ್ಲಿ ಒಂದು ಕೋಣೆ ಖಾಲಿಯಾಯಿತು. ಹನ್ನೊಂದು ಅಡಿಗೆ ಹತ್ತು ಅಡಿ, ಕಲ್ಲಿನ ಗೋಡೆ, ಒಂದೇ ಕಿಟಕಿ. ಸುತ್ತಮುತ್ತ ಕಾರ್ಖಾನೆಗಳಿರುವುದರಿಂದ ನಮ್ಮ ಕಡೆ ಕೋಣೆಗೆ ಬಾಡಿಗೆದಾರರು ಕಾದಿರುತ್ತಾರೆ. ಅವ್ವನ ಲೆಕ್ಕ ಸರಳ: "ತಿಂಗಳಾ ಮೂರು ಸಾವಿರ ಬರ್ತೈತಿ, ಯಾಕ ಬಿಡಬೇಕು?" ತಂಗಿ ಫೋನಿನಲ್ಲಿ ಬೇರೆಯೇ ರಾಗ ಎಳೆದಳು: "ನಾ ಬಂದ್ರ ಎಲ್ಲಿ ಮಲಗ್ಲಿ? ತವರುಮನಿ ಅಂದ್ರ ಒಂದು ಕೋಣಿನೂ ಇರಬಾರ್ದಾ?"

ನನ್ನ ಚಿಂತೆ ಇವೆರಡೂ ಆಗಿರಲಿಲ್ಲ. ರಿಟೈರ್ ಆದಮೇಲೆ ಅಪ್ಪ ಮಾತು ಕಡಿಮೆ ಮಾಡಿದ್ದ. ನಸುಕಿನ ನಾಲ್ಕಕ್ಕೇ ಎದ್ದು ಕೂರುತ್ತಿದ್ದ, ಹೋಗೋಕೆ ಎಲ್ಲಿಯೂ ಇರಲಿಲ್ಲ. ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಆಪರೇಷನ್ ಅಂದರೆ "ಮುಂದ ನೋಡೂಣು" ಅನ್ನುತ್ತಿದ್ದ. ಹದಿನೈದು ದಿನಕ್ಕೊಮ್ಮೆ ಬೆಂಗಳೂರಿನಿಂದ ಬರುವ ನನಗೆ, ಪ್ರತಿ ಸಲವೂ ಅವನು ಒಂದು ಇಂಚು ದೂರ ಸರಿದ ಹಾಗೆ ಕಾಣುತ್ತಿತ್ತು. ಹೇಗಾದರೂ ಮಾತಿಗೆ ಎಳೆಯಬೇಕಿತ್ತು. "ಅಪ್ಪಾ, ಹಳೇ ಸ್ಟೇಷನ್ ಸಣ್ಣದಾಗಿ ಮಾಡೂಣು. ಹಳಿ ನಾ ಕಟ್ತೀನಿ, ಎಲ್ಲೆಲ್ಲಿ ಏನಿತ್ತು ನೀ ಹೇಳು" ಅಂದೆ. ಅವನು ನಕ್ಕ. ಬೇಡ ಅನ್ನಲಿಲ್ಲ.

ಮೂರು ಹಕ್ಕಿಗೂ ಒಂದೇ ಪರಿಹಾರ ಸಿಕ್ಕಿದ್ದು ಎತ್ತರದಲ್ಲಿ. ನೆಲದ ಮೇಲೆ ಮೇಜು ಹಾಕುವ ಬದಲು, ನಾಲ್ಕೂವರೆ ಅಡಿ ಎತ್ತರಕ್ಕೆ ಎರಡು ಗೋಡೆಗೆ ಸೇರಿದ ಹಾಗೆ ಒಂದೂವರೆ ಅಡಿ ಅಗಲದ ಹಲಗೆ. ಕೆಳಗೆ ತಂಗಿಯ ಮಂಚ ಹಾಗೇ ಉಳಿಯಿತು. ಅಪ್ಪನಿಗೆ ಬಗ್ಗುವ ಕೆಲಸವಿಲ್ಲ, ರೈಲು ಕಣ್ಣಿನ ಮಟ್ಟಕ್ಕೇ ಬರುತ್ತದೆ. ಬಾಡಿಗೆ ಮಾತ್ರ ಹೋಯಿತು. ಅದನ್ನು ನಾನು ತಿಂಗಳಾ ಅವ್ವನ ಕೈಗೆ ಕೊಡುತ್ತೇನೆ ಅಂತ ಮಾತಾಯಿತು, ಕೊಡುತ್ತಿದ್ದೇನೆ.

ಅಳತೆಯ ಆಟ

ಮಾಡೆಲ್ ರೈಲಿನಲ್ಲಿ ಜಗತ್ತಿನಾದ್ಯಂತ ಹೆಚ್ಚು ಬಳಕೆಯಲ್ಲಿರೋದು ಎಚ್‌ಒ ಅಳತೆ. ಅಂದರೆ ನಿಜವಾದದ್ದರ 87ನೇ ಒಂದು ಭಾಗ. ಅಂಗಡಿಯಲ್ಲಿ ಸಿಗುವ ಎಚ್‌ಒ ಹಳಿಯ ಅಗಲ 16.5 ಮಿಲಿಮೀಟರ್; ಅದು ಯುರೋಪು, ಅಮೆರಿಕದ 1435 ಮಿ.ಮೀ. ಗೇಜಿಗೆ ಸರಿ. ನಮ್ಮ ಬ್ರಾಡ್ ಗೇಜ್ 1676 ಮಿ.ಮೀ., ಲೆಕ್ಕದ ಪ್ರಕಾರ 19 ಮಿ.ಮೀ.ಗಿಂತ ಸ್ವಲ್ಪ ಹೆಚ್ಚಾಗಬೇಕು. ಹಾಗಾಗಿ ಭಾರತದ ಬ್ರಾಡ್ ಗೇಜ್ ಮಾಡೆಲ್ ಮಾಡುವವರಲ್ಲಿ ತುಂಬ ಜನ 16.5ಕ್ಕೇ ಹೊಂದಿಕೊಳ್ಳುತ್ತಾರೆ. ಮೀಟರ್ ಗೇಜಿಗೆ ಆ ತೊಂದರೆ ಇಲ್ಲ. 1000 ಮಿ.ಮೀ. ಭಾಗಿಸು 87, ಸುಮಾರು 11.5. ಟಿಟಿ ಅನ್ನೋ ಇನ್ನೊಂದು ಅಳತೆಯ ಹಳಿ 12 ಮಿ.ಮೀ. ಇದೆ, ಅದರ ಚಕ್ರ, ಮೋಟಾರು ಇಲ್ಲಿಗೆ ಒಗ್ಗುತ್ತವೆ.

ಕೋಣೆ ಮಾತ್ರ ಒಗ್ಗಲಿಲ್ಲ. ಹನ್ನೊಂದು ಅಡಿ ಗೋಡೆ ಈ ಅಳತೆಯಲ್ಲಿ ಮುನ್ನೂರು ಮೀಟರ್ ಕೂಡ ಆಗುವುದಿಲ್ಲ. ಸ್ಟೇಷನ್ನನ್ನು ಪೂರ್ತಿ ಇಡಲಿಕ್ಕಾಗದು, ಆರಿಸಬೇಕು. ಏನು ಉಳಿಯಬೇಕು ಅಂತ ಕೇಳಿದಾಗ ಅಪ್ಪ ಎಣಿಸಿದ್ದು: ಪ್ಲಾಟ್‌ಫಾರ್ಮು, ಒಂದು ಲೂಪು, ಎರಡು ಕಾಂಟಾ (ಹಳಿ ಬದಲಿಸುವ ಪಾಯಿಂಟಿಗೆ ಅವರ ಹೆಸರು), ಬೇವಿನ ಮರ, ಗ್ಯಾಂಗಿನವರ ಗುಡಿಸಲು. ಸ್ಟೇಷನ್ ಮಾಸ್ತರರ ಕೋಣೆ ನಾಲ್ಕನೆಯದಾಗಿಯೂ ಬರಲಿಲ್ಲ. ನಾನೇ ನೆನಪಿಸಿದ ಮೇಲೆ, "ಹಾಂ, ಅದನ್ನೂ ಇಡು" ಅಂದ.

ಹಳಿ ಕಟ್ಟೋದು

ರೆಡಿಮೇಡ್ ಹಳಿ ಕೊಂಡರೆ ಒಂದು ದಿನದ ಕೆಲಸ. ಆದರೆ ಅದರ ಸ್ಲೀಪರುಗಳ ಅಂತರ ನಮ್ಮದಲ್ಲ. ಹಾಗಾಗಿ ಕೈಯಲ್ಲೇ ಕಟ್ಟಿದೆವು. ಎಲೆಕ್ಟ್ರಾನಿಕ್ಸ್ ಅಂಗಡಿಯ ತಾಮ್ರದ ಪಿಸಿಬಿ ಹಾಳೆಯನ್ನು 21 ಮಿ.ಮೀ. ಉದ್ದದ ಪಟ್ಟಿಗಳಾಗಿ ಕತ್ತರಿಸೋದು, ಅದರ ಮೇಲೆ ಹಳಿಯನ್ನು ಬೆಸುಗೆ ಹಾಕೋದು. ಪಟ್ಟಿಯ ನಡುವೆ ಗರಗಸದಿಂದ ತಾಮ್ರವನ್ನು ಕೆರೆದು ತೆಗೆಯಲೇಬೇಕು. ಇಲ್ಲದಿದ್ದರೆ ಎರಡೂ ಹಳಿ ಒಂದಾಗಿ ಶಾರ್ಟ್ ಆಗುತ್ತದೆ. ಎಲ್ಲ ಸ್ಲೀಪರೂ ಪಿಸಿಬಿ ಆಗಬೇಕಿಲ್ಲ. ಐದಕ್ಕೊಂದು ಸಾಕು, ಉಳಿದವು ಐಸ್‌ಕ್ರೀಮ್ ಕಡ್ಡಿಯನ್ನು ಸೀಳಿ ಬಣ್ಣ ಹಚ್ಚಿದ್ದು. ಒಟ್ಟು ಸಾವಿರದ ಮೇಲೆ ಬೇಕಾದವು.

ಅಂತರದ ವಿಷಯ ಬಂದಾಗ ಅಪ್ಪ ಮೊದಲ ಸಲ ದನಿ ಏರಿಸಿದ. "ಸಮ ಸಮ ಇಡಬ್ಯಾಡ. ಜಾಯಿಂಟ್ ಹತ್ರ ಒತ್ತಾಗಿ ಇರಬೇಕು, ಅಲ್ಲೇ ಪೆಟ್ಟು ಬೀಳೋದು." ಆಮೇಲೆ ಬಂತು ಒಂದು ಸೂತ್ರ: "ಎಂ ಪ್ಲಸ್ ನಾಲ್ಕು." ಹಳಿಯ ತುಂಡು ಎಷ್ಟು ಮೀಟರ್ ಉದ್ದವೋ ಆ ಸಂಖ್ಯೆಗೆ ನಾಲ್ಕು ಕೂಡಿಸಿದರೆ, ಆ ತುಂಡಿನ ಕೆಳಗಿನ ಸ್ಲೀಪರುಗಳ ಲೆಕ್ಕ. 12 ಮೀಟರ್ ಹಳಿಗೆ 16. ನಮ್ಮ ಅಳತೆಯಲ್ಲಿ 12 ಮೀಟರ್ ಅಂದರೆ 138 ಮಿ.ಮೀ. ಅಷ್ಟುದ್ದದ ಒಂದು ರಟ್ಟಿಗೆ ಹದಿನಾರು ಗೆರೆ ಹೊಡೆದು ಕೊಟ್ಟೆ. ಅಪ್ಪ ಅದನ್ನು ಹಲಗೆ ಮೇಲೆ ಇಟ್ಟು ಇಟ್ಟು ಕಡ್ಡಿ ಜೋಡಿಸಿದ. ಪೊರೆ ಬಂದ ಕಣ್ಣಿಗೆ ಬೆಸುಗೆ ಕಾಣುತ್ತಿರಲಿಲ್ಲ, ಆದರೆ ಬೆರಳಿನ ಉಗುರು ಹಳಿಯ ಮೇಲೆ ಎಳೆದರೆ ಎಲ್ಲಿ ಕೂದಲೆಳೆಯಷ್ಟು ಏರುಪೇರಿದೆ ಅಂತ ಹೇಳುತ್ತಿದ್ದ. ಹೇಳಿದ ಜಾಗದಲ್ಲೇ ಇರುತ್ತಿತ್ತು.

ಬೇಸಿಗೆಯ ಲೆಕ್ಕವೂ ಅವನದೇ. ನಮ್ಮ ಕಡೆ ಏಪ್ರಿಲ್‌ನಲ್ಲಿ ಬಿಸಿಲು ನಲವತ್ತು ಡಿಗ್ರಿ ಮುಟ್ಟುತ್ತದೆ. ನಿಜವಾದ ಹಳಿ 12 ಮೀಟರ್ ತುಂಡಿಗೆ, ಚಳಿಗೂ ಬಿಸಿಲಿಗೂ ನಡುವೆ ಐದು ಮಿಲಿಮೀಟರ್ ಹತ್ತಿರ ಹಿಗ್ಗುತ್ತದೆ. ಅದಕ್ಕೇ ಜಾಯಿಂಟಿನಲ್ಲಿ ಸಂದು. ಕೋಣೆಯ ಮೂರು ಮೀಟರ್ ಹಳಿ ಇಪ್ಪತ್ತು ಡಿಗ್ರಿ ಏರಿದರೆ ಹಿಗ್ಗೋದು ಒಂದು ಮಿಲಿಮೀಟರಿನಷ್ಟು. ಕಡಿಮೆ ಅನ್ನಿಸಬಹುದು, ಆದರೆ ಸಂದು ಬಿಡದಿದ್ದರೆ ಹಳಿ ಸೊಟ್ಟಗಾಗಲು ಅಷ್ಟೇ ಸಾಕು. ಆ ಸಂದುಗಳ ಮೇಲೆ ಚಕ್ರ ಹಾಯುವಾಗ ಸಣ್ಣಗೆ ಟಕ್–ಟಕ್ ಅನ್ನುತ್ತದೆ. ಉದ್ದುದ್ದ ಹಳಿಗಳನ್ನು ಬೆಸೆದ ಮೇಲೆ ಹೊರಗಿನ ನಿಜವಾದ ರೈಲಿನಲ್ಲಿ ಆ ಸದ್ದು ಕಡಿಮೆಯಾಗಿದೆ.

ಜಲ್ಲಿ, ಗೊಂಬೆ, ಧೂಳು

ಹಳಿ ಕೆಳಗಿನ ಜಲ್ಲಿಗೆ ದುಡ್ಡು ಕೊಡಲಿಲ್ಲ. ಜಲ್ಲಿ ಕ್ರಷರಿನ ಪುಡಿ ತಂದು, ಅವ್ವನ ಹಿಟ್ಟಿನ ಜರಡಿ ಕೇಳಿ ಬೈಸಿಕೊಂಡು, ಬೇರೆ ಜರಡಿ ಕೊಂಡು ಸೋಸಿದೆವು. ನಿಜವಾದ ಜಲ್ಲಿ 50 ಮಿ.ಮೀ. ಆದರೆ ನಮ್ಮದು ಅರ್ಧ ಮಿ.ಮೀ. ಹರಡಿದ ಮೇಲೆ ನೀರು ಬೆರೆಸಿದ ಫೆವಿಕಾಲಿಗೆ ಒಂದು ಹನಿ ಪಾತ್ರೆ ಸೋಪು ಹಾಕಿ ಡ್ರಾಪರಿನಿಂದ ಬಿಡಬೇಕು. ಸೋಪು ಇಲ್ಲದಿದ್ದರೆ ಹನಿ ಮೇಲೇ ನಿಲ್ಲುತ್ತದೆ, ಒಳಗೆ ಇಳಿಯದು.

ಜನರನ್ನು ಮಾಡಿಸಲು ಕಿನ್ನಾಳಕ್ಕೆ ಹೋದೆವು. ಕೊಪ್ಪಳ ತಾಲ್ಲೂಕಿನದೇ ಊರು. ಹಗುರ ಮರದ ಮೇಲೆ ಹುಣಸೆಬೀಜದ ಅಂಟಿನ ಲೇಪ ಕೊಟ್ಟು ಬಣ್ಣ ತುಂಬುವ ಚಿತ್ರಗಾರರ ಮನೆತನಗಳು ಅಲ್ಲಿವೆ; ಕಿನ್ನಾಳ ಗೊಂಬೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಐದೂವರೆ ಅಡಿ ಮನುಷ್ಯ ನಮ್ಮ ಅಳತೆಯಲ್ಲಿ 19 ಮಿ.ಮೀ. ಕೇಳಿದ ಹಿರಿಯರು ನಕ್ಕು, "ಇಷ್ಟು ಸಣ್ಣವ್ಗ ಮಾರಿ ಬರ್ಯಾಕಾಗಂಗಿಲ್ರಿ, ಪಟಗಾ ಅಷ್ಟ ಕಾಣ್ತೈತಿ" ಅಂದರು. ಅಪ್ಪ ಅಂದ, "ಸಾಕ್ರಿ. ದೂರದಿಂದ ನಾವು ಒಬ್ಬರನ್ನೊಬ್ರು ಗುರುತು ಹಿಡೀತಿದ್ದದ್ದು ಪಟಗಾ ನೋಡೇ." ಆರು ಗೊಂಬೆ ಮಾಡಿಸಿಕೊಂಡು ಬಂದೆವು, ಆರೂ ಗ್ಯಾಂಗಿನವರೇ.

ನಮ್ಮ ಭಾಗದ ಮನೆಗಳಿಗೆ ಬರುವ ಕಪ್ಪು ಧೂಳಿನ ಬಗ್ಗೆ ಕೊಪ್ಪಳದವರಿಗೆ ಹೇಳಬೇಕಿಲ್ಲ. ಹಳಿ ಮೇಲೆ ಅದು ಕೂತರೆ ಚಕ್ರಕ್ಕೆ ಕರೆಂಟು ಸಿಗದೆ ಇಂಜಿನ್ನು ನಿಲ್ಲುತ್ತದೆ. ಕಿಟಕಿಗೆ ದಪ್ಪ ಪರದೆ, ಹಲಗೆಗೆ ಪ್ಲಾಸ್ಟಿಕ್ ಹೊದಿಕೆ, ವಾರಕ್ಕೊಮ್ಮೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸೋದು. ಆ ಕೆಲಸ ಅಪ್ಪನದು, ಬೆಳಿಗ್ಗೆ ನಾಲ್ಕಕ್ಕೆ.

ಪಡಸಾಲೆಯ ಕೆಂಪು ಬಟ್ಟೆ

ಗೊಂಬೆಗಳನ್ನು ಹಲಗೆಯ ತುದಿಗೆ, ಹಳಿ ಮೇಲೆ ಕೆಲಸ ಮಾಡುವ ಹಾಗೆ ನಿಲ್ಲಿಸಿದೆ. ಅಪ್ಪ ನೋಡಿ, "ಬಾವುಟ ಎಲ್ಲಿ?" ಅಂದ. ಗೊಂಬೆ ಪಕ್ಕದಲ್ಲೇ ಒಂದು ಕೆಂಪು ಕಾಗದ ಚುಚ್ಚಿದೆ. ತಲೆ ಅಲ್ಲಾಡಿಸಿದ. ಮೀಟರ್ ಗೇಜಿನಲ್ಲಿ ಹಳಿ ಬಿಚ್ಚಿ ಕೆಲಸ ನಡೆದಿದ್ದರೆ 400 ಮೀಟರ್ ದೂರದಲ್ಲಿ ಕೆಂಪು ಬಾವುಟ, 800 ಮೀಟರಿನಲ್ಲಿ ಹಳಿ ಮೇಲೆ ಪಟಾಕಿ. ಚಕ್ರ ಹಾಯ್ದರೆ ಢಂ ಅಂತ ಸಿಡಿದು ಡ್ರೈವರನ್ನು ಎಚ್ಚರಿಸುವಂಥದ್ದು. 400 ಭಾಗಿಸು 87, ನಾಲ್ಕೂವರೆ ಮೀಟರಿಗಿಂತ ಸ್ವಲ್ಪ ಹೆಚ್ಚು. ಕೋಣೆಯಲ್ಲಿ ಅಷ್ಟು ಜಾಗವಿಲ್ಲ ಅಂದೆ.

"ಕೋಣ್ಯಾಗ ಇಲ್ಲಂದ್ರ ಹೊರಗ ಐತಲ್ಲ" ಅಂದವನೇ ಟೇಪು ಹಿಡಿದು ಬಾಗಿಲು ದಾಟಿದ. ಪಡಸಾಲೆಯ ಗೋಡೆಯ ಮೊಳೆಗೆ ಒಂದು ಕೆಂಪು ಬಟ್ಟೆಯ ಚೂರು ಕಟ್ಟಿದ. ಅಲ್ಲಿಂದ ಮತ್ತಷ್ಟೇ ಅಳೆದು, ಹೊರಗೆ ಕಟ್ಟೆಯ ಮೇಲೆ ಸುಣ್ಣದಿಂದ ಮೂರು ಚುಕ್ಕೆ ಇಟ್ಟ. "ಮಂದಿ ಹಳಿ ಮ್ಯಾಲೆ ಅದಾರಂದ್ರ ಬಾವುಟ ಇರಾಕ ಬೇಕು. ಗೊಂಬಿ ಆದ್ರೂ ಅಷ್ಟ." ಬಾವುಟ ಇಲ್ಲದ ದಿನದ ಕತೆ ಯಾವುದಾದರೂ ಅವನ ಹತ್ತಿರ ಇದೆಯೋ ಏನೋ. ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವ್ವ ಸಗಣಿ ಸಾರಿಸುವಾಗ ಆ ಮೂರು ಚುಕ್ಕೆ ಬಿಟ್ಟು ಸಾರಿಸುತ್ತಾಳೆ.

ಈಗ ಅಪ್ಪನ ಹಳೇ ಜೊತೆಗಾರರು ಸಂಜೆ ಬರುತ್ತಾರೆ. ಬೇವಿನ ಮರ ಗುಡಿಸಲಿನ ಎಡಕ್ಕಿತ್ತೋ ಬಲಕ್ಕಿತ್ತೋ ಅಂತ ದೊಡ್ಡ ಜಗಳವೇ ಆಯಿತು. ಹಾಗಾಗಿ ಮರವನ್ನು ಅಂಟಿಸಿಲ್ಲ, ಚುಚ್ಚಿಟ್ಟಿದ್ದೇವೆ. ಬಂದವರು ತಮಗೆ ಸರಿ ಕಂಡ ಕಡೆ ನಿಲ್ಲಿಸುತ್ತಾರೆ. ಒಬ್ಬರಂತೂ ಸಣ್ಣ ಅಕ್ಷರದ ಬೋರ್ಡು ಓದಲು ಅಪ್ಪನಿಗೆ ಆಗದ್ದು ಕಂಡು, "ಕಣ್ಣು ತೋರಸ್ಕೊಳಲೇ ಮೊದ್ಲ" ಅಂತ ಗದರಿದರು. ನಾನು ಎರಡು ವರ್ಷ ಹೇಳಿದ ಮಾತು, ಅವರು ಒಂದೇ ಸಲ ಹೇಳಿದ್ದಕ್ಕೆ ನಡೆಯಿತು. ಬಲಗಣ್ಣಿನ ಆಪರೇಷನ್ ಆಗಿದೆ, ಎಡಗಣ್ಣು ಬಾಕಿ.

ನೀವು ಬರೋದಾದರೆ, ಮಾಡೋದಾದರೆ

ಹಿಟ್ನಾಳಕ್ಕೆ ಅಂತಲೇ ಯಾರೂ ಪ್ರವಾಸ ಬರೋದಿಲ್ಲ, ಬನ್ನಿ ಅಂತ ನಾನೂ ಒತ್ತಾಯ ಮಾಡೋದಿಲ್ಲ. ಆದರೆ ಹಂಪಿ, ಆನೆಗೊಂದಿಗೆ ಬಂದವರು ಅರ್ಧ ದಿನ ಈ ಕಡೆ ಇಟ್ಟುಕೊಳ್ಳಿ. ಮುನಿರಾಬಾದಿನಲ್ಲಿ ತುಂಗಭದ್ರಾ ಅಣೆಕಟ್ಟು, ಹುಲಿಗಿಯಲ್ಲಿ ಹುಲಿಗೆಮ್ಮನ ಗುಡಿ, ಕಿನ್ನಾಳದಲ್ಲಿ ಗೊಂಬೆ. ಪ್ಯಾಸೆಂಜರ್ ರೈಲಿನಲ್ಲಿ ಬಂದರೆ ಇನ್ನೂ ಒಳ್ಳೆಯದು, ಕಿಟಕಿಯಿಂದ ಕಾಣುವ ಹಳದಿ ಬೋರ್ಡನ್ನು ಓದಲು ಸಮಯ ಸಿಗುತ್ತದೆ.

ಮಾಡೆಲ್ ರೈಲಿನ ಆಸೆ ಇದ್ದರೆ, ಮೊದಲು ಪುಣೆಯ ಕೋಥ್ರೂಡ್‌ನಲ್ಲಿ ಜೋಶಿ ಅವರ ಕುಟುಂಬ 1998ರಲ್ಲಿ ತೆರೆದ ಪುಟ್ಟ ರೈಲುಗಳ ಮ್ಯೂಸಿಯಂ ನೋಡಿ. ಒಂದು ಊರೇ ಕೋಣೆಯಲ್ಲಿ ಓಡಾಡುತ್ತದೆ. ನಿಜವಾದ ಹಳೇ ಇಂಜಿನ್ನುಗಳಿಗೆ 1979ರ ಮೈಸೂರು ರೈಲು ಮ್ಯೂಸಿಯಂ ಇದೆ, 2020ರಲ್ಲಿ ಶುರುವಾದ ಹುಬ್ಬಳ್ಳಿಯದು ಇದೆ. ಪೂರ್ತಿ ಕೋಣೆ ಬೇಕಂತಿಲ್ಲ, ಒಂದು ಗೋಡೆ, ಒಂದು ಹಲಗೆ, ಎರಡು ಕಾಂಟಾ ಸಾಕು. ನಿಮ್ಮ ಮನೆಯಲ್ಲಿ ರೈಲ್ವೆಯವರೇ ಇರಬೇಕು ಅಂತಲೂ ಇಲ್ಲ. ಜಿನ್ನಿಂಗ್ ಫ್ಯಾಕ್ಟರಿ, ಕಾಲುವೆ, ಗಿರಣಿ, ಬಸ್ ಡಿಪೋ, ಯಾವುದೋ ಒಂದು ಕಡೆ ನಿಮ್ಮ ಅಪ್ಪ ಅಥವಾ ಅವ್ವ ಮೂವತ್ತು ವರ್ಷ ದುಡಿದಿರುತ್ತಾರೆ. ಒಂದು ಹಾಳೆ, ಪೆನ್ಸಿಲು ಕೊಟ್ಟು ಆ ಜಾಗದ ನಕ್ಷೆ ಬರೆಯಿರಿ ಅಂತ ಕೇಳಿ. ಹೇಳೋಕೆ ಅವರ ಹತ್ತಿರ ಬಹಳ ಇರುತ್ತದೆ, ಕೇಳೋರು ಬೇಕಷ್ಟೇ.