ಜೀಗುಜ್ಜೆಯ ನೆಂಟಸ್ತಿಕೆ

ಜೀಗುಜ್ಜೆಯನ್ನು ಹೆಚ್ಚುವ ಮೊದಲು ಕೈಗೂ ಕತ್ತಿಗೂ ತೆಂಗಿನೆಣ್ಣೆ ಸವರಿಕೊಳ್ಳಬೇಕೆಂಬುದು ಅಕ್ಷರಾಭ್ಯಾಸಕ್ಕಿಂತ ಮೊದಲೇ ನನಗಾದ ವಿದ್ಯಾಭ್ಯಾಸ. ಪುತ್ತೂರಿನ ಸಮೀಪದ ನಮ್ಮ ಮನೆಯ ಹಿತ್ತಿಲಲ್ಲಿ, ಬಚ್ಚಲಿನ ನೀರು ಹರಿದುಹೋಗುವ ಕಡೆ, ಬೆರಳು ಬಿಡಿಸಿದ ಹಸ್ತದಂಥ ಎಲೆಗಳನ್ನು ಹರಡಿಕೊಂಡು ನಿಂತಿದ್ದ ಆ ಮರ, ಗ್ರಂಥಸ್ಥ ಕನ್ನಡದಲ್ಲಿ ದೀವಿ ಹಲಸೆಂಬ ಗಂಭೀರ ನಾಮಧೇಯವನ್ನು ಪಡೆದಿದ್ದರೂ, ನಮಗೆ ಬರಿಯ ಜೀಗುಜ್ಜೆ. ನೆಂಟರು ಬಂದರೆ ಅದರ ಪೋಡಿ, ಬಾರದಿದ್ದರೆ ಹುಳಿ. ಬೀಜವಿಲ್ಲದೆ, ಬೇರಿನ ಚಿಗುರಿನಿಂದಲೇ ವಂಶವನ್ನು ಮುಂದುವರಿಸುವ ಈ ಮರ ಮನುಷ್ಯನ ಕೈ ಹಿಡಿಯದೆ ಸಮುದ್ರವನ್ನು ದಾಟಲಾರದೆಂಬುದನ್ನು ನಾನು ಎಂದೂ ಚಿಂತಿಸಿದವನಲ್ಲ. ಚಿಂತಿಸುವಂತಾದದ್ದು ಕೆರಿಬಿಯನ್ ಸಮುದ್ರದ ಸೇಂಟ್ ವಿನ್ಸೆಂಟ್ ದ್ವೀಪದಲ್ಲಿ, ಅದೂ ನನ್ನದೊಂದು ಅವಿವೇಕದ ಫಲವಾಗಿ.

ರಾಜಧಾನಿ ಕಿಂಗ್ಸ್‌ಟೌನಿನಿಂದ ಪಶ್ಚಿಮದ ಕರಾವಳಿಯನ್ನು ಹಿಡಿದು ಹೋದರೆ ಲಯೂ ಎಂಬ ಊರು ಸಿಗುತ್ತದೆ. ಆ ಕಡೆಯ ಕಡಲತೀರದ ಮರಳು ಕಪ್ಪು; ಅದು ದ್ವೀಪದ ಉತ್ತರದಲ್ಲಿರುವ ಸೂಫ್ರಿಯೇರ್ ಜ್ವಾಲಾಮುಖಿಯ ಸೀಮೆಗೆ ಒಪ್ಪುವ ಬಣ್ಣ. ಹೊತ್ತು ಇಳಿದುದನ್ನೂ ಅರಿಯದೆ ಅಲೆದಾಡಿ ರಸ್ತೆಗೆ ಬಂದಾಗ ವ್ಯಾನುಗಳ ಸಂಚಾರ ವಿರಳವಾಗಿತ್ತು. ಅಂಗಳವೊಂದರಲ್ಲಿ ಕುಳಿತಿದ್ದ ವೃದ್ಧೆಯೊಬ್ಬರನ್ನು ಬೇಲಿಯ ಆಚೆಯಿಂದಲೇ, “ಕಿಂಗ್ಸ್‌ಟೌನಿಗೆ ವ್ಯಾನು ಇನ್ನೂ ಉಂಟೇ?” ಎಂದು ಕೇಳಿದೆ. ಆಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಗುಡ್ ಆಫ್ಟರ್‌ನೂನ್” ಎಂದು ಬಿಡಿಬಿಡಿಯಾಗಿ ಉಚ್ಚರಿಸಿ ಸುಮ್ಮನಾದರು. ಕಿವಿ ಮಂದವೋ ಏನೋ ಎಂದು ಪ್ರಶ್ನೆಯನ್ನು ಇನ್ನಷ್ಟು ಗಟ್ಟಿಯಾಗಿ ಕೇಳಿದೆ. ಆಕೆ ವಂದನೆಯನ್ನು ಇನ್ನಷ್ಟು ಗಟ್ಟಿಯಾಗಿ ಹೇಳಿದರು. ಮಂದವಾಗಿದ್ದುದು ನನ್ನ ಬುದ್ಧಿಯೇ ಎಂದು ಆಗ ಹೊಳೆಯಿತು. ಅಂಗಡಿಯ ಹೊಸಿಲನ್ನು ತುಳಿಯಲಿ, ವ್ಯಾನನ್ನು ಏರಲಿ, ಮೊದಲು ವಂದನೆ, ಅನಂತರ ವ್ಯವಹಾರವೆಂಬುದು ಈ ದ್ವೀಪಗಳ ಅಲಿಖಿತ ಶಾಸನ. ಬಂದವರ ಹೆಸರನ್ನು ಕೇಳುವ ಮೊದಲೇ ನೀರು ಬೆಲ್ಲವನ್ನು ಮುಂದಿಡುವ ಸೀಮೆಯಲ್ಲಿ ಹುಟ್ಟಿದವನಿಗೆ ಇಷ್ಟೂ ತಿಳಿಯದೆ ಹೋದುದಕ್ಕೆ ನಾಚಿ, ತಪ್ಪೊಪ್ಪಿಕೊಳ್ಳುವ ಧ್ವನಿಯಲ್ಲಿ “ಗುಡ್ ಆಫ್ಟರ್‌ನೂನ್” ಎಂದೆ. ಕೂಡಲೇ ಆಕೆಯ ಮುಖ ಅರಳಿತು. “ವ್ಯಾನು ಬರುತ್ತದೆ, ಬಾರದೆಯೂ ಇರುತ್ತದೆ, ಒಳಗೆ ಬಾ ಮಗು” ಎಂದರು. ಮಗುವಿಗೆ ಆಗ ಐವತ್ತೆರಡು ವರ್ಷ.

ಅಂಗಳದಲ್ಲಿ ಮೂರು ಕಲ್ಲುಗಳ ನಡುವೆ ಬೆಂಕಿ, ಬೆಂಕಿಯ ಮೇಲೆ ಇಡಿಯ ಜೀಗುಜ್ಜೆ! ಎಣ್ಣೆಯಿಲ್ಲ, ಉಪ್ಪಿಲ್ಲ, ಹೆಚ್ಚುವ ಗೊಡವೆಯೇ ಇಲ್ಲ. ನಮ್ಮ ಮನೆಯಲ್ಲಿ ಎಂದೂ ಕಾಣದಿದ್ದ ಈ ಸಾಹಸವನ್ನು ನಾನು ಬೆರಗಾಗಿ ನೋಡುತ್ತಿದ್ದಂತೆ, ಆಕೆ ಕೋಲಿನಿಂದ ಕಾಯನ್ನು ಆಗಾಗ ಹೊರಳಿಸುತ್ತ, ಸಿಪ್ಪೆ ಸೀದು ಇದ್ದಿಲಿನಂತಾಗಿ, ತೊಟ್ಟಿನ ಕಡೆಯಿಂದ ಹಬೆ ಸುಯ್ಯೆಂದು ಹೊರಟ ಮೇಲೆ ಕೆಳಗಿಳಿಸಿ, ಕರಿಯ ಕವಚವನ್ನು ಚೂರಿಯಿಂದ ಕೆರೆದು ಸೀಳಿದರು. ಒಳಗೆ ತಿಳಿಹಳದಿಯ ಮೃದುವಾದ ತಿರುಳು. ಬೆಂದ ಗೆಣಸಿಗೂ ಆಗ ತಾನೇ ಸುಟ್ಟ ರೊಟ್ಟಿಗೂ ಮಧ್ಯದ ಪರಿಮಳ. ಹುರಿದ ಜಾಕ್‌ಫಿಶ್ ಅದರ ಜೊತೆಗಾರ. ಈ ಜೋಡಿಯೇ ಆ ದೇಶದ ರಾಷ್ಟ್ರೀಯ ಭೋಜನ. ನಾನು ಮೀನು ತಿನ್ನುವವನಲ್ಲವೆಂದಾಗ ಇದಾವ ವ್ಯಾಧಿಯೋ ಎಂದು ಆಕೆ ಮರುಗಿ, ಮೀನಿನ ಪಾಲಿಗೆ ಬದಲಾಗಿ ಬೆಣ್ಣೆಯನ್ನು ಇಮ್ಮಡಿಯಾಗಿ ಸವರಿಕೊಟ್ಟರು.

ಈ ಕಾಯಿ ಆ ನೆಲಕ್ಕೆ ಬಂದ ಬಗೆಯಲ್ಲಿ ಮಾತ್ರ ಆತಿಥ್ಯದ ಲವಲೇಶವೂ ಇರಲಿಲ್ಲ. ಅಮೆರಿಕದ ಸ್ವಾತಂತ್ರ್ಯಯುದ್ಧದಿಂದಾಗಿ ಉತ್ತರದಿಂದ ಬರುತ್ತಿದ್ದ ಆಹಾರದ ಸರಬರಾಜು ಕೆಟ್ಟುಹೋಗಲು, ಕಬ್ಬಿನ ತೋಟಗಳ ಗುಲಾಮರಿಗೆ ಅಗ್ಗದ ಕೂಳನ್ನು ಅರಸುತ್ತಿದ್ದ ಧಣಿಗಳ ಕಣ್ಣು ತಾಹಿಟಿಯ ಈ ಮರದ ಮೇಲೆ ಬಿದ್ದಿತು. ಅದನ್ನು ತರಲು ಹೋದ ಕ್ಯಾಪ್ಟನ್ ವಿಲಿಯಂ ಬ್ಲೈ 1789ರ ಏಪ್ರಿಲಿನಲ್ಲಿ ‘ಬೌಂಟಿ’ ನೌಕೆಯ ದಂಗೆಗೆ ಸಿಕ್ಕಿ, ಹದಿನೆಂಟು ಮಂದಿಯೊಡನೆ ಸಣ್ಣ ದೋಣಿಯ ಪಾಲಾದುದೂ, ಸಾವಿರಕ್ಕೆ ಮಿಕ್ಕಿದ ಸಸಿಗಳು ಸಮುದ್ರದ ಪಾಲಾದುದೂ ಲೋಕಪ್ರಸಿದ್ಧ ಕಥೆ. ಹಟವಾದಿಯಾದ ಆತ ‘ಪ್ರಾವಿಡೆನ್ಸ್’ ಎಂಬ ನೌಕೆಯಲ್ಲಿ ಮತ್ತೆ ಹೊರಟು 1793ರ ಜನವರಿಯಲ್ಲಿ ಸಸಿಗಳನ್ನು ಸೇಂಟ್ ವಿನ್ಸೆಂಟಿಗೆ ಮುಟ್ಟಿಸಿದ. 1765ರಲ್ಲಿ ಸ್ಥಾಪಿತವಾದ ಕಿಂಗ್ಸ್‌ಟೌನಿನ ಸಸ್ಯೋದ್ಯಾನದಲ್ಲಿ ಆ ಸಸಿಗಳ ಸಂತತಿಯೆಂದು ತೋರಿಸುವ ಮರವನ್ನು ನಾನೂ ನೋಡಿ ಬಂದಿದ್ದೆ. ಆದರೆ ಯಾರಿಗಾಗಿ ಇಷ್ಟೆಲ್ಲ ನಡೆಯಿತೋ ಆ ಗುಲಾಮರು ಮೊದಮೊದಲು ಅದನ್ನು ಬಾಯಿಗಿಡಲು ಒಪ್ಪಲಿಲ್ಲವಂತೆ. ಧಣಿ ಅಳೆದು ಹಾಕುವ ಕೂಳಿಗೆ ರುಚಿಯೆಲ್ಲಿಂದ ಬರಬೇಕು? ಅದೇ ಕಾಯಿ ಅವರ ಮರಿಮಕ್ಕಳ ಅಂಗಳದಲ್ಲಿ ಬೆಂದು, ಬೇಲಿಯಾಚೆ ನಿಂತ ಅಪರಿಚಿತನ ತಟ್ಟೆಗೆ ಬೆಣ್ಣೆಯೊಡನೆ ಬೀಳುವ ಹೊತ್ತಿಗೆ ಬ್ಲೈನ ಹೆಸರನ್ನು ನೆನೆಯುವ ಅಗತ್ಯ ಯಾರಿಗೂ ಉಳಿದಿರಲಿಲ್ಲ.

ಕತ್ತಲಾಗುತ್ತಲೇ ನೆರೆಮನೆಯ ಗೃಹಸ್ಥರೊಬ್ಬರು “ಗುಡ್ ನೈಟ್” ಎನ್ನುತ್ತ ಅಂಗಳಕ್ಕೆ ಕಾಲಿಟ್ಟರು. ಹೊರಟವರೆಂದು ಭಾವಿಸಿ ಬೀಳ್ಕೊಡಲು ನಾನು ಎದ್ದುನಿಂತರೆ, ಅವರು ನನ್ನ ಪಕ್ಕದಲ್ಲಿಯೇ ಕುಳಿತು ತಟ್ಟೆಗೆ ಕೈಚಾಚಿದರು. ರಾತ್ರಿ ಬಂದವನು ಹೇಳುವ ಮೊದಲ ಮಾತೇ ಅಲ್ಲಿ ಅದು! ಅವರ ಹಿರಿಯರು ಮದರಾಸಿನಿಂದ ಹಡಗೇರಿ ಬಂದವರಂತೆ. ಕೂಲಿಯ ಕರಾರಿನ ಮೇಲೆ ಭಾರತೀಯರನ್ನು ಹೊತ್ತ ‘ತಿರುವಾಂಕೂರು’ ಎಂಬ ಹೆಸರಿನ ಮೊದಲ ಹಡಗು 1861ರ ಜೂನ್ 1ರಂದು ಅಲ್ಲಿಗೆ ಮುಟ್ಟಿತ್ತು. ಊರಿನ ಒಂದು ನುಡಿಯೂ ಅವರ ನಾಲಗೆಯಲ್ಲಿ ಉಳಿದಿರಲಿಲ್ಲ. ಜೀಗುಜ್ಜೆಯೆಂಬ ಪದವನ್ನು ನನ್ನಿಂದ ಮೂರು ಸಲ ಹೇಳಿಸಿ, ಮೂರು ಸಲವೂ ನಕ್ಕರು.

ದೂರದಲ್ಲಿ ವ್ಯಾನಿನ ಸಂಗೀತ ಕೇಳಿಸಿತು. ಎದ್ದು ಕೈಮುಗಿದು, ಅಭ್ಯಾಸಬಲದಿಂದ ನಮ್ಮ ವಾಡಿಕೆಯ ಮಾತನ್ನೇ ಇಂಗ್ಲಿಷಿಗೆ ತಿರುಗಿಸಿ, “ಹಾಗಾದರೆ ಬರುತ್ತೇನೆ, ಅಜ್ಜಿ” ಎಂದುಬಿಟ್ಟೆ.

“ಯಾವಾಗ?” ಎಂದರು ಆಕೆ, ಅತ್ಯಂತ ಸಹಜವಾಗಿ.

ನಾನು ತಬ್ಬಿಬ್ಬಾಗಿ ನಿಂತಿದ್ದಂತೆ ಆಕೆ ಕತ್ತಲಲ್ಲಿ ಮರದತ್ತ ತಲೆಯೆತ್ತಿ, ಕೋಲಿನ ತುದಿಯಿಂದ ಮೇಲಿನ ಕೊಂಬೆಯನ್ನು ತೋರಿಸಿದರು. “ಅಗೋ, ಆ ತುದಿಯಲ್ಲಿರುವುದು ಬಲಿಯಲು ಇನ್ನೆರಡು ವಾರ ಬೇಕು.”