ಸೊಟ್ಟಮನೆ

ನಾನು ಮದ್ಯವನ್ನು ಮುಟ್ಟಿದವನಲ್ಲ. ಆದರೂ ಇಂಗ್ಲೆಂಡಿನಲ್ಲಿ ನೆಲೆಸಿದ್ದ ಮಗನೊಡನೆ ಒಮ್ಮೆ ಒಂದು ಹಳ್ಳಿಯ ಪಾನಗೃಹವನ್ನು ನೋಡಲು ಹೋಗಿದ್ದೆ. ಸ್ಟಾಫರ್ಡ್‌ಶೈರಿನ ಹಿಮ್ಲಿ ಗ್ರಾಮದ ಬಳಿಯಿದ್ದ ಅದರ ಹೆಸರು ‘ಕ್ರೂಕೆಡ್ ಹೌಸ್’, ಎಂದರೆ ಸೊಟ್ಟಮನೆ.

1765ರಲ್ಲಿ ರೈತನ ಮನೆಯಾಗಿ ಕಟ್ಟಿದ ಆ ಇಟ್ಟಿಗೆಯ ಕಟ್ಟಡವು 19ನೆಯ ಶತಮಾನದಲ್ಲಿ ಪಾನಗೃಹವಾಯಿತು. ಸುತ್ತಲೂ ನೆಲದಡಿಯ ಕಲ್ಲಿದ್ದಲನ್ನು ಅಗೆದು ತೆಗೆದುದರಿಂದ ಭೂಮಿ ಕುಸಿದು, ಮನೆಯ ಒಂದು ಪಾರ್ಶ್ವವು ಇನ್ನೊಂದಕ್ಕಿಂತ ಸುಮಾರು 4 ಅಡಿ ತಗ್ಗಿತ್ತು. ಆಸರೆಗೋಡೆಗಳು ಅದನ್ನು ಬೀಳದಂತೆ ಹಿಡಿದಿದ್ದವು. ಒಳಗೆ ಬಾಗಿಲು ಕಿಟಕಿಗಳೆಲ್ಲವೂ ಓರೆ. ಮಗನು ಮೇಜಿನ ಮೇಲಿಟ್ಟ ಗೋಲಿಯು ಏರುಮುಖವಾಗಿ ಉರುಳಿದಂತೆ ಕಂಡಿತು! ವಾಸ್ತವವಾಗಿ ಅದು ಇಳಿಜಾರಿನಲ್ಲಿಯೇ ಸಾಗಿತ್ತು. ವಾಲಿದ ಗೋಡೆಗಳು ನನ್ನ ಕಣ್ಣನ್ನು ವಂಚಿಸಿದ್ದವು. ಅರುವತ್ತು ದಾಟಿದ ನಾನು ಬಾಲಕನಂತೆ ನಕ್ಕೆ.

2023ರ ಆಗಸ್ಟ್ 5ರ ರಾತ್ರಿ ಆ ಮನೆಯು ಬೆಂಕಿಗೆ ತುತ್ತಾಯಿತು. ಎರಡೇ ದಿನಗಳಲ್ಲಿ ಉಳಿದ ಗೋಡೆಗಳನ್ನೂ ಕೆಡವಲಾಯಿತು. ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಅದಿನ್ನೂ ಸೇರಿರಲಿಲ್ಲ. ಅದನ್ನು ಮೊದಲಿದ್ದಂತೆಯೇ ಮತ್ತೆ ಕಟ್ಟಬೇಕೆಂದು 2024ರ ಫೆಬ್ರವರಿಯಲ್ಲಿ ಸ್ಥಳೀಯ ಆಡಳಿತವು ಮಾಲೀಕರಿಗೆ ಆಜ್ಞೆ ಮಾಡಿತು. ಸುದ್ದಿಯನ್ನು ಓದಿ ಸಂತೋಷಪಟ್ಟೆ; ಒಡನೆಯೇ ಚಿಂತೆಗೂ ಒಳಗಾದೆ. ಇಟ್ಟಿಗೆಗಳನ್ನು ಮತ್ತೆ ಜೋಡಿಸಬಹುದು. ಆದರೆ ಆ ಮನೆಯನ್ನು ಮೆಲ್ಲಮೆಲ್ಲನೆ ಬಾಗಿಸಿದ ಕಾಲವನ್ನು ಎಲ್ಲಿಂದ ತರುವುದು? ಕಾಪಾಡಬೇಕಾದುದನ್ನು ಅದು ಇರುವಾಗಲೇ ಕಾಪಾಡಬೇಕು.